ಕೂಸು ಹುಟ್ಟೋ ಮುಂಚೆ ಕುಲಾವಿ: ಒಂದು ಚುನಾವಣಾ ಲೆಕ್ಕದ ವೆಬ್‌ಸೈಟಿಗೆ ಮೂರು ಸ್ಟಾರ್

ತಿಂಗಳಿಗೆ 9 ಡಾಲರ್. ಮೂರು ತಿಂಗಳು ಕಟ್ಟಿದ್ದೇನೆ. ಒಟ್ಟು 27 ಡಾಲರ್ ಆಯಿತು. ಅದಕ್ಕೆ ಸಿಕ್ಕಿದ್ದು ಅಮೆರಿಕದ ಒಂದು ನಕ್ಷೆ, ಪಕ್ಕದಲ್ಲಿ ಎಳೆಯೋಕೆ ಒಂದಷ್ಟು ಗುಂಡಿಗಳು. ಯಾವ ಜನ ಎಷ್ಟು ಹೆಚ್ಚುತ್ತಾರೆ, ಯಾರು ಕಡಿಮೆಯಾಗುತ್ತಾರೆ, ಅದರಿಂದ ಮುಂದೆ ರಿಪಬ್ಲಿಕನ್ನರ ಗತಿ ಏನು, ಡೆಮಾಕ್ರಟರ ಗತಿ ಏನು ಅಂತ ಗುಂಡಿ ಎಳೆದು ನೋಡಬಹುದು. ಹೆಸರು ಹೇಳುವುದಿಲ್ಲ. ಇಂಥ ವೆಬ್‌ಸೈಟುಗಳು ಈಗ ಹಲವು ಇವೆ, ಇಲ್ಲಿ ಬರೆದಿರುವುದರಲ್ಲಿ ಮುಕ್ಕಾಲು ಪಾಲು ಎಲ್ಲದಕ್ಕೂ ಹೊಂದುತ್ತದೆ.

ಇದನ್ನು ಕೊಂಡ ಕಾರಣ ನಮ್ಮ ಮನೆಯವರು. ನಾವು ಟೆಕ್ಸಸ್‌ನ ಪ್ಲೇನೊದಲ್ಲಿ ಇದ್ದೇವೆ. ನಾನು ಒಂದು ಕಂಪನಿಯಲ್ಲಿ ಸಂಬಳದ ಲೆಕ್ಕ ನೋಡುವವಳು. ಮನೆಯಲ್ಲಿ ರಾಜಕೀಯದ ಹುಚ್ಚು ಇರುವುದು ಅವರಿಗೆ. 2012ರ ಅಧ್ಯಕ್ಷರ ಚುನಾವಣೆಯಲ್ಲಿ ರಿಪಬ್ಲಿಕನ್ನರ ಅಭ್ಯರ್ಥಿ ಮಿಟ್ ರಾಮ್ನಿ ಸೋತರು. ಆಗಿನ ಎಕ್ಸಿಟ್ ಪೋಲ್ ಪ್ರಕಾರ ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಾಡುವ ದೇಶಗಳ ಮೂಲದ) ಮತದಾರರಲ್ಲಿ ಅವರಿಗೆ ಸಿಕ್ಕಿದ್ದು ಶೇಕಡಾ 27 ಮಾತ್ರ. 2013ರ ಮಾರ್ಚ್‌ನಲ್ಲಿ ರಿಪಬ್ಲಿಕನ್ ಪಕ್ಷವೇ ಒಂದು ವರದಿ ತಂದಿತು. ದೇಶ ಬದಲಾಗುತ್ತಿದೆ, ಹಿಸ್ಪಾನಿಕ್ ಜನರನ್ನು ಒಲಿಸಿಕೊಳ್ಳಬೇಕು, ವಲಸೆ ಕಾನೂನಿನ ಸುಧಾರಣೆಗೆ ಒಪ್ಪಬೇಕು, ಇಲ್ಲದಿದ್ದರೆ ಕಷ್ಟ ಅಂತ ಅದರ ಸಾರ. ಅದನ್ನು ಓದಿದ ಇವರು ಊಟದ ಮೇಜಿನ ಮೇಲೆ ಕೈ ಬಡಿದು, "ಬರೆದಿಟ್ಕೋ, 2024ರೊಳಗೆ ಟೆಕ್ಸಸ್ ನೀಲಿ" ಅಂದರು. ಇಲ್ಲಿ ನೀಲಿ ಅಂದರೆ ಡೆಮಾಕ್ರಟರು, ಕೆಂಪು ಅಂದರೆ ರಿಪಬ್ಲಿಕನ್ನರು. ನಾನು ಸುಮ್ನೆ ಎದುರು ಹೇಳಬೇಕು ಅಂತ ಆಗಲ್ಲ ಅಂದೆ. ಸೋತವರು ಒಂದು ವರ್ಷ ಪಾತ್ರೆ ತೊಳೆಯಬೇಕು ಅಂತ ಪಣ. (ಡಿಶ್‌ವಾಷರ್ ಇದೆ. ನಮ್ಮ ಮನೆಯಲ್ಲಿ ಅದು ತೊಳೆದ ಪಾತ್ರೆ ಒಣಗಿಸುವ ಜಾಗ.)

ಹೇಳಬೇಕೆಂದರೆ 2020ರವರೆಗೂ ಅವರು ಗೆಲ್ಲುತ್ತಲೇ ಇದ್ದರು. ಟೆಕ್ಸಸ್‌ನಲ್ಲಿ ರಿಪಬ್ಲಿಕನ್ನರ ಮುನ್ನಡೆ 2012ರಲ್ಲಿ ಸುಮಾರು ಶೇಕಡಾ 16 ಇತ್ತು. 2016ರಲ್ಲಿ 9ಕ್ಕೆ ಇಳಿಯಿತು. 2020ರಲ್ಲಿ 6ಕ್ಕಿಂತ ಕಡಿಮೆ. ಸ್ಕೇಲಿಟ್ಟು ಗೆರೆ ಎಳೆದರೆ ಮುಂದಿನದು ಸೊನ್ನೆಯ ಹತ್ತಿರವೇ ಬರಬೇಕು. ನಾನು ಮನಸ್ಸಿನಲ್ಲೇ ಪಾತ್ರೆ ತೊಳೆಯೋಕೆ ತಯಾರಾಗಿದ್ದೆ. 2024ರಲ್ಲಿ ಅದು ಪುನಃ 14ರ ಹತ್ತಿರ ಹೋಗಿ ಕೂತಿತು.

ಅವರ ಶಿಕ್ಷೆಯ ವರ್ಷ ಮುಗಿಯಿತು. ಈಗ ಹೊಸ ಪಣ ಬೇಕಂತೆ, 2036ಕ್ಕೆ. ಈ ಸಲ ಲೆಕ್ಕ ಹಾಕಿಯೇ ಕೈ ಕೊಡೋಣ ಅಂತ ಈ ವೆಬ್‌ಸೈಟಿಗೆ ಚಂದಾ ಕಟ್ಟಿದೆ.

ಮೊದಲು ಚೆನ್ನಾಗಿರುವುದನ್ನು ಹೇಳುತ್ತೇನೆ. ಜನಗಣತಿಯ ಭಾಗ ಅಚ್ಚುಕಟ್ಟು. 2010ರಲ್ಲಿ ಹಿಸ್ಪಾನಿಕ್ ಅಲ್ಲದ ಬಿಳಿಯರು ದೇಶದಲ್ಲಿ ಶೇಕಡಾ 63.7 ಇದ್ದರು, 2020ರಲ್ಲಿ 57.8. ಟೆಕ್ಸಸ್‌ನಲ್ಲಿ 2020ರ ಹೊತ್ತಿಗೆ ಬಿಳಿಯರು 39.7, ಹಿಸ್ಪಾನಿಕ್ ಜನ 39.3, ಹೆಚ್ಚುಕಡಿಮೆ ಸರಿಸಮ. ಇದೆಲ್ಲ ಒಂದು ಬೆರಳಿನಲ್ಲಿ ಸಿಗುತ್ತದೆ, ಕೌಂಟಿವಾರು ಕೂಡ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ). ಇಷ್ಟಕ್ಕೇ ಆದರೆ ಜನಗಣತಿ ಇಲಾಖೆಯ ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ, ಹುಡುಕೋ ತಾಳ್ಮೆ ಇರಬೇಕು ಅಷ್ಟೆ.

ನನಗೆ ಇಷ್ಟವಾಗಿದ್ದು "ನಾಗರಿಕರು ಮಾತ್ರ" ಅನ್ನುವ ಗುಂಡಿ. ಅದನ್ನು ಒತ್ತಿದ ಕೂಡಲೇ ಟೆಕ್ಸಸ್‌ನ ಹಿಸ್ಪಾನಿಕ್ ಪಟ್ಟಿ ಸರ್ರನೆ ಕುಗ್ಗುತ್ತದೆ. ಏಷ್ಯನ್ ಪಟ್ಟಿಯೂ ಕುಗ್ಗುತ್ತದೆ. ಹದಿನೆಂಟು ತುಂಬದ ಮಕ್ಕಳು, ಪೌರತ್ವ ಇಲ್ಲದವರು ಎಲ್ಲ ಹೊರಗೆ. ನನ್ನ ತಮ್ಮನನ್ನೇ ನೋಡಿ. ಹನ್ನೆರಡು ವರ್ಷದಿಂದ ಇಲ್ಲೇ ಇದ್ದಾನೆ, ತೆರಿಗೆ ಕಟ್ಟುತ್ತಾನೆ. ಎಚ್-1ಬಿ ವೀಸಾದಲ್ಲೇ ಇದ್ದು ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತಿದ್ದಾನೆ. ಆ ಕಾರ್ಡ್ ಬಂದ ಮೇಲೆ ಸಾಮಾನ್ಯವಾಗಿ ಇನ್ನೂ ಐದು ವರ್ಷ ಕಾದು ಪೌರತ್ವಕ್ಕೆ ಅರ್ಜಿ ಹಾಕಬೇಕು. ಇಲ್ಲೇ ಹುಟ್ಟಿದ ಅವನ ಮಗಳು 2032ರಲ್ಲಿ ವೋಟು ಹಾಕುತ್ತಾಳೆ. ಅಪ್ಪ ಹಾಕುವುದು ಯಾವ ಕಾಲಕ್ಕೋ!

ಆದರೆ 2020ರ ಜನಗಣತಿಯಲ್ಲಿ ನನ್ನ ತಮ್ಮನ ತಲೆಯೂ ಎಣಿಕೆಗೆ ಸೇರಿತ್ತು. ಸಂಸತ್ತಿನ ಕೆಳಮನೆಯಲ್ಲಿ ರಾಜ್ಯಗಳಿಗೆ ಸೀಟು ಹಂಚುವುದು ಇರುವ ಎಲ್ಲರ ಲೆಕ್ಕದ ಮೇಲೆ, ವೋಟು ಇರುವವರ ಮೇಲಲ್ಲ. ಹಾಗಾಗಿ ಟೆಕ್ಸಸ್‌ಗೆ ಎರಡು ಸೀಟು ಜಾಸ್ತಿಯಾಗಿ 36 ಇದ್ದದ್ದು 38 ಆಯಿತು. ಅಧ್ಯಕ್ಷರ ಚುನಾವಣೆಯಲ್ಲಿ ಈ ರಾಜ್ಯದ ಎಲೆಕ್ಟೋರಲ್ ವೋಟು, ಅಂದರೆ ಇಲ್ಲಿ ಗೆದ್ದವರಿಗೆ ಇಡಿಯಾಗಿ ಹೋಗುವ ರಾಜ್ಯದ ಪಾಲಿನ ವೋಟು, ಸೆನೆಟ್‌ನ ಎರಡು ಸೀಟೂ ಸೇರಿ 40ಕ್ಕೆ ಏರಿತು. ಕ್ಯಾಲಿಫೋರ್ನಿಯಾ ಒಂದು ಸೀಟು ಕಳೆದುಕೊಂಡಿತು. ನ್ಯೂಯಾರ್ಕ್ ಒಂದು ಸೀಟು ಕಳೆದುಕೊಂಡದ್ದು ಬರೀ 89 ಜನರ ಕೊರತೆಯಿಂದ. ಈಗ ಲೆಕ್ಕ ಹಾಕಿ. ಡೆಮಾಕ್ರಟರ ಕಡೆ ಬರಬಹುದು ಅಂತ ನಮ್ಮ ಮನೆಯವರು ಕಾಯುತ್ತಿರುವ ವಲಸೆ ಜನ ಟೆಕ್ಸಸ್‌ಗೆ ಬಂದು ತುಂಬಿಕೊಂಡರು. ಅವರೂ ಸೇರಿ ಹೆಚ್ಚಾದ ಎಲೆಕ್ಟೋರಲ್ ವೋಟು 2024ರಲ್ಲಿ ಹೋಗಿದ್ದು ರಿಪಬ್ಲಿಕನ್ನರಿಗೆ. ವೆಬ್‌ಸೈಟಿನಲ್ಲಿ 2030ರ ಸೀಟು ಹಂಚಿಕೆಯ ಅಂದಾಜಿಗೆ ಒಂದು ಪುಟ ಇದೆ. ಅದನ್ನು ಯಾವುದೋ ಮೂಲೆಯಲ್ಲಿ ಬಚ್ಚಿಟ್ಟಿದ್ದಾರೆ. ನನ್ನನ್ನು ಕೇಳಿದರೆ ಅದು ಮುಖಪುಟದಲ್ಲಿ ಇರಬೇಕಿತ್ತು.

ಇನ್ನು ಬೈಗುಳ.

ಒಂದು ಪರೀಕ್ಷೆ ಮಾಡಿದೆ. ಶುರುವಿನ ವರ್ಷ 2012 ಅಂತ ಇಟ್ಟು 2024ರವರೆಗೆ ಎಳೆದೆ. ಉತ್ತರ ನನಗೆ ಗೊತ್ತು, ಇದಕ್ಕೆ ಗೊತ್ತಾ ನೋಡೋಣ ಅಂತ. ಟೆಕ್ಸಸ್ ನಿಧಾನವಾಗಿ ಕೆಂಪಿನಿಂದ ತಿಳಿ ಗುಲಾಬಿಗೆ ಬಂತು, ಇನ್ನೇನು ನೀಲಿಗೆ ದಾಟುವ ಹಾಗೆ. ನಮ್ಮ ಮನೆಯವರು ಹಿಂದೆ ನಿಂತು, "ನೋಡು, ನಾನು ಹೇಳಿದ್ದೂ ಇದೇ ಅಲ್ವಾ!" ಅಂದರು. ಹೌದು, ಅವರೂ ಈ ಯಂತ್ರವೂ ಒಂದೇ ತಪ್ಪು ಮಾಡಿದ್ದಾರೆ. ಜನರ ಸಂಖ್ಯೆಯ ಗುಂಡಿ ತಾನಾಗೇ ಓಡುತ್ತದೆ. ಆ ಜನ ಯಾರಿಗೆ ವೋಟು ಹಾಕುತ್ತಾರೆ ಅನ್ನುವ ಗುಂಡಿ ಮಾತ್ರ 2012ರಲ್ಲಿ ಎಲ್ಲಿತ್ತೋ ಅಲ್ಲೇ ಬೀಗ ಹಾಕಿ ಕೂತಿರುತ್ತದೆ. ನಾವೇ ಕೈಯಿಂದ ಎಳೆದರೆ ಮಾತ್ರ ಅಲ್ಲಾಡುತ್ತದೆ.

ಸಂಬಳದ ಲೆಕ್ಕ ಮಾಡುವವಳಿಗೆ ಇದು ಎಷ್ಟು ದೊಡ್ಡ ತಪ್ಪು ಅಂತ ತಿಳಿಯೋಕೆ ಒಂದು ಚೀಟಿ ಸಾಕಾಯಿತು. ನೂರು ವೋಟಿನಲ್ಲಿ ಒಂದು ಗುಂಪಿನದು 20 ಅಂದುಕೊಳ್ಳಿ. ಅವರಲ್ಲಿ ನೀಲಿಗೆ 70, ಕೆಂಪಿಗೆ 30ರ ಹಾಗೆ ಹಂಚಿದ್ದಾರೆ. ಆ ಗುಂಪಿನಿಂದ ನೀಲಿಗೆ ಸಿಗುವ ಮುನ್ನಡೆ 8 ವೋಟು. ವರ್ಷಗಟ್ಟಲೆ ಕಾದು ಗುಂಪು 22ಕ್ಕೆ ಬೆಳೆಯಿತು. ಮುನ್ನಡೆ 8.8. ಅಂದರೆ ಮುಕ್ಕಾಲು ವೋಟಿಗಿಂತ ಚೂರು ಜಾಸ್ತಿ ಲಾಭ. ಈಗ ಅದೇ 22 ಜನ ಒಂದೇ ಚುನಾವಣೆಯಲ್ಲಿ 60-40ಕ್ಕೆ ಹೊರಳಿದರು ಅನ್ನಿ. ಮುನ್ನಡೆ 4.4. ಅಷ್ಟು ವರ್ಷ ಕಾದು ಕೂಡಿಟ್ಟದ್ದಷ್ಟೇ ಅಲ್ಲ, ಬಂಡವಾಳದಲ್ಲೂ ಅರ್ಧದ ಹತ್ತಿರ ಹೋಯಿತು.

ಇದು ಬರೀ ಚೀಟಿಯ ಲೆಕ್ಕ ಅಲ್ಲ. ಟೆಕ್ಸಸ್‌ನಲ್ಲೇ, ಮೆಕ್ಸಿಕೊ ಗಡಿಯಲ್ಲಿ ಸ್ಟಾರ್ ಕೌಂಟಿ ಅಂತ ಇದೆ. ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಜನ ಹಿಸ್ಪಾನಿಕ್. 2016ರಲ್ಲಿ ಡೆಮಾಕ್ರಟರ ಹಿಲರಿ ಕ್ಲಿಂಟನ್ ಅಲ್ಲಿ ಸುಮಾರು ಶೇಕಡಾ 60ರ ಅಂತರದಲ್ಲಿ ಗೆದ್ದರು. 2020ರಲ್ಲಿ ಬೈಡನ್ ಗೆದ್ದದ್ದು ಬರೀ 5ರ ಅಂತರದಲ್ಲಿ. 2024ರಲ್ಲಿ ಟ್ರಂಪ್ ಗೆದ್ದರು. ಅಧ್ಯಕ್ಷರ ಚುನಾವಣೆಯಲ್ಲಿ ನೂರು ವರ್ಷಕ್ಕೂ ಮೀರಿ ರಿಪಬ್ಲಿಕನ್ ಅಭ್ಯರ್ಥಿಗೆ ಗೆಲುವೇ ಕೊಡದ ಜಾಗ ಅದು. ಅಲ್ಲಿ ಜನ ಬದಲಾಗಲಿಲ್ಲ. ಅದೇ ಮನೆಗಳು, ಅದೇ ಅಜ್ಜಿಯರು. ಹಿಸ್ಪಾನಿಕ್ ಮತ ಟ್ರಂಪ್‌ಗೆ ದೇಶದಲ್ಲಿ 2016ರಲ್ಲಿ ಶೇಕಡಾ 28, 2020ರಲ್ಲಿ 32, 2024ರಲ್ಲಿ 46 ಅನ್ನುತ್ತವೆ ಎಕ್ಸಿಟ್ ಪೋಲ್‌ಗಳು. ವಲಸೆ ಬಗ್ಗೆ ಮೆತ್ತಗಾಗಿ ಅಂತ 2013ರ ವರದಿ ಹೇಳಿತ್ತು. ಅದಕ್ಕೆ ತದ್ವಿರುದ್ಧ ಮಾತಾಡಿದವರು ಆ ಮತ ತಂದರು. ಇದನ್ನು ಯಾವ ಗುಂಡಿ ಎಳೆದು ಮೊದಲೇ ಹೇಳುತ್ತೀರಿ?

ವೆಸ್ಟ್ ವರ್ಜೀನಿಯಾ ಇನ್ನೊಂದು. ಅಲ್ಲಿ ಬಿಳಿಯರೇ ನೂರಕ್ಕೆ ತೊಂಬತ್ತರ ಆಸುಪಾಸು, ಮೊದಲಿಂದಲೂ. 1996ರಲ್ಲಿ ಡೆಮಾಕ್ರಟರ ಬಿಲ್ ಕ್ಲಿಂಟನ್‌ಗೆ ವೋಟು ಹಾಕಿದ ರಾಜ್ಯ. 2000ರಿಂದ ಪ್ರತಿ ಸಲವೂ ಕೆಂಪು, ಈಗಂತೂ ದೇಶದ ಕಡು ಕೆಂಪು ರಾಜ್ಯಗಳಲ್ಲಿ ಒಂದು. ಜನಗಣತಿಯ ಗುಂಡಿ ಅಲ್ಲಿ ಏನನ್ನೂ ತೋರಿಸುವುದಿಲ್ಲ.

ಹಾಗಂತ ಜನಸಂಖ್ಯೆಯಿಂದ ಏನೂ ಆಗುವುದಿಲ್ಲ ಅಂತಲ್ಲ. ವರ್ಜೀನಿಯಾ 2004ರವರೆಗೆ ಕೆಂಪು, 2008ರಿಂದ ಪ್ರತಿ ಸಲ ನೀಲಿ. ವಾಷಿಂಗ್ಟನ್‌ಗೆ ಅಂಟಿಕೊಂಡಿರುವ ಉತ್ತರ ಭಾಗದಲ್ಲಿ ಓದಿದವರು, ವಲಸೆ ಬಂದವರು ಬಂದು ಸೇರಿದ್ದೇ ಅದಕ್ಕೆ ದೊಡ್ಡ ಕಾರಣ. ಅಲ್ಲಿನ ಲೌಡನ್ ಕೌಂಟಿಯನ್ನು ವೆಬ್‌ಸೈಟಿನಲ್ಲಿ ನೋಡಿದೆ, ಲೆಕ್ಕ ಚೆನ್ನಾಗಿ ಕೂಡಿಬರುತ್ತದೆ. ಅದಕ್ಕೇ ಒಂದು ಸ್ಟಾರ್ ಜಾಸ್ತಿ ಕೊಟ್ಟಿದ್ದು.

ಇನ್ನೊಂದು ಸಿಟ್ಟು, ಇದು ಸ್ವಂತದ್ದು. "ಏಷ್ಯನ್" ಅಂತ ಒಂದೇ ಡಬ್ಬಿ. ನಮ್ಮ ಬೀದಿಯಲ್ಲಿ ಕಮ್ಯುನಿಸ್ಟರಿಗೆ ಹೆದರಿ ದೋಣಿಯಲ್ಲಿ ಬಂದ ವಿಯೆಟ್ನಾಂ ಮನೆತನ ಇದೆ, ಚೀನಾ ಮೂಲದ ದಂಪತಿ ಇದ್ದಾರೆ, ಲಾಹೋರಿನ ಡಾಕ್ಟರ್ ಇದ್ದಾರೆ, ನಾವಿದ್ದೇವೆ. ನಾಲ್ಕೂ ಮನೆಯವರು ಒಂದೇ ಪಕ್ಷದ ಬೋರ್ಡ್ ನೆಟ್ಟಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಹಿಸ್ಪಾನಿಕ್ ಡಬ್ಬಿಯೂ ಹಾಗೇ. ಮಿಯಾಮಿಯ ಕ್ಯೂಬನ್ನರನ್ನೂ ಎಲ್ ಪಾಸೊದ ಮೆಕ್ಸಿಕನ್ ಮೂಲದವರನ್ನೂ ಒಟ್ಟಿಗೆ ತುಂಬಿದ್ದಾರೆ. ಮಜಾ ಅಂದರೆ ಬಿಳಿಯರನ್ನು ಮಾತ್ರ ಡಿಗ್ರಿ ಇರುವವರು, ಇಲ್ಲದವರು ಅಂತ ಬೇರೆ ಮಾಡಿದ್ದಾರೆ. ಉಳಿದವರು ಓದಿದರೂ ಒಂದೇ, ಓದದಿದ್ದರೂ ಒಂದೇ ಅಂತೆ!

ನಮ್ಮ ಕಾಲಿನ್ ಕೌಂಟಿಯನ್ನೇ ಹಾಕಿ ನೋಡಿದೆ. ರಾಮ್ನಿಗೆ 2012ರಲ್ಲಿ ಇಲ್ಲಿ ಶೇಕಡಾ 65ರಷ್ಟು ಮತ ಬಿದ್ದಿತ್ತು. 2020ರಲ್ಲಿ ಟ್ರಂಪ್‌ಗೆ ಸುಮಾರು 51, 2024ರಲ್ಲಿ 54. ಇಲ್ಲಿ ಎರಡೂ ನಡೆದಿದೆ. ಹೊಸ ಜನ ಬಂದದ್ದೂ ನಿಜ, ಇದ್ದವರ ಮನಸ್ಸು ಅತ್ತಿಂದಿತ್ತ ಆದದ್ದೂ ನಿಜ. ಎಷ್ಟು ಪಾಲು ಯಾವುದರದ್ದು ಅಂತ ಬಿಡಿಸಿ ತೋರಿಸಿದ್ದರೆ 9 ಡಾಲರ್ ಅಲ್ಲ, 20 ಕೊಡುತ್ತಿದ್ದೆ. ತೋರಿಸುವುದಿಲ್ಲ. ಸಹಾಯವಾಣಿಗೆ ಮೇಲ್ ಹಾಕಿದೆ. ಎರಡು ದಿನ ಬಿಟ್ಟು ಉತ್ತರ ಬಂತು, ಪ್ರಶ್ನೆಗೆ ಧನ್ಯವಾದ ಅಂತ. ಅಷ್ಟೇ. ಮೂರನೇ ತಿಂಗಳ ಹಣ ನಾನು ಬೇಡ ಅಂದ ಮೇಲೂ ಕಡಿತವಾಯಿತು. ವಾಪಸ್ ಕೊಟ್ಟಿಲ್ಲ.

ಯಾರು ಕೊಳ್ಳಬಹುದು? ಕಾಲೇಜಿನಲ್ಲಿ ಇದನ್ನೇ ಓದುವ ಮಕ್ಕಳು, ಸುದ್ದಿ ಬರೆಯುವವರು. ಒಂದು ತಿಂಗಳಿಗೆ ಕೊಂಡು, ಬೇಕಾದ್ದು ಬರೆದುಕೊಂಡು, ಕಾರ್ಡ್ ತೆಗೆದುಹಾಕಿ. ಪಕ್ಷದ ಕೆಲಸ ಮಾಡುವವರು ಇದನ್ನು ನಂಬಿ ಕೂತರೆ ಕಷ್ಟ. ಜನ ಹೆಚ್ಚುತ್ತಿದ್ದಾರೆ, ನಮ್ಮ ಕಾಲ ಬಂದೇ ಬರುತ್ತದೆ ಅಂತ ಕೂತವರ ಮನೆಬಾಗಿಲನ್ನು ಇನ್ನೊಬ್ಬರು ಬಂದು ತಟ್ಟಿ ಹೋಗಿರುತ್ತಾರೆ.

2036ರ ಟೆಕ್ಸಸ್ ಬಗ್ಗೆ ಈ ಯಂತ್ರ ಮತ್ತೆ ನೀಲಿ ಅಂತಲೇ ಹೇಳುತ್ತಿದೆ. ಮನೆಯವರು ಅದರ ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆದು ಫ್ರಿಡ್ಜಿಗೆ ಅಂಟಿಸಿದ್ದಾರೆ. ನಾನು ಈ ಸಲವೂ ಆಗಲ್ಲ ಅಂತಲೇ ಕಟ್ಟಿದ್ದೇನೆ, ಆದರೆ ಮೊದಲಿನಷ್ಟು ಧೈರ್ಯ ಇಲ್ಲ. ಮಗನೂ ಪಣಕ್ಕೆ ಸೇರಿಕೊಂಡ. 2024ರಲ್ಲಿ ಮೊದಲ ಸಲ ವೋಟು ಹಾಕಿದವನು, ಯಾರಿಗೆ ಅಂತ ಇವತ್ತಿಗೂ ಬಾಯಿ ಬಿಟ್ಟಿಲ್ಲ. ತಾನು ಯಾವ ಕಡೆ ಅಂತ ಚೀಟಿಯಲ್ಲಿ ಬರೆದು, ಮಡಿಸಿ, ಸಾಸಿವೆ ಡಬ್ಬಿಯ ಕೆಳಗೆ ಇಟ್ಟಿದ್ದಾನೆ. "ತೆಗೆದು ನೋಡಬೇಡಮ್ಮ" ಅಂದಿದ್ದಾನೆ. ದಿನಾ ಒಗ್ಗರಣೆ ಹಾಕುವಾಗ ಕಣ್ಣಿಗೆ ಬೀಳುತ್ತದೆ.