ಹಳೇ ಪ್ಲೇಟೋ, ಹೊಸ ರೀಮಾಸ್ಟರೋ? ಪಕ್ಕಪಕ್ಕ ಇಟ್ಟು ಕೇಳಿದಾಗ

ಎಲ್‌ಪಿ, ಅಂದರೆ ಹಾಡಿನ ದೊಡ್ಡ ಕಪ್ಪು ಪ್ಲೇಟು ಕೊಳ್ಳುವವರಲ್ಲಿ ಎರಡು ಪಂಗಡ. ಒಂದು ಪಂಗಡಕ್ಕೆ ಆಲ್ಬಂ ಬಂದ ಕಾಲದಲ್ಲೇ ಒತ್ತಿದ ಮೂಲ ಪ್ಲೇಟೇ ಬೇಕು. ಗೀರು ಬಿದ್ದಿದ್ದರೂ ಸರಿ, ಕವರ್ ಹರಿದಿದ್ದರೂ ಸರಿ. ಇನ್ನೊಂದು ಪಂಗಡಕ್ಕೆ 180 ಗ್ರಾಂ ತೂಕದ, ‘ರೀಮಾಸ್ಟರ್ಡ್’ (ಹಳೇ ಧ್ವನಿಮುದ್ರಣವನ್ನು ಮತ್ತೆ ಒಪ್ಪ ಮಾಡಿದ್ದು) ಅಂತ ಸ್ಟಿಕ್ಕರ್ ಅಂಟಿಸಿದ ಹೊಸ ಪ್ರತಿ ಸಾಕು. ಇಬ್ಬರೂ ತಮ್ಮ ತೀರ್ಪನ್ನು ಪ್ರಪಂಚದ ಎಲ್ಲ ಆಲ್ಬಂಗೂ ಸೇರಿಸಿ ಕೊಡುತ್ತಾರೆ. ನನ್ನ ತಕರಾರು ಇರುವುದು ಅಲ್ಲೇ. ಮನೆಯಲ್ಲಿ ಪಕ್ಕಪಕ್ಕ ಇಟ್ಟು ಕೇಳಿದಾಗ ಉತ್ತರ ಆಲ್ಬಂನಿಂದ ಆಲ್ಬಂಗೆ ಬದಲಾಯಿತು. ಅಷ್ಟೇ ಅಲ್ಲ, ಒಂದೇ ಪ್ಲೇಟಿನ ಎರಡು ಬದಿಗಳಿಗೆ ಬೇರೆ ಬೇರೆ ಉತ್ತರ ಬಂತು.

ಮೊದಲು ಹೇಗೆ ಕೇಳಿದೆ ಅಂತ ಹೇಳಿಬಿಡುತ್ತೇನೆ. ಪ್ಲೇಯರ್ ಹಳೇ ಟೆಕ್ನಿಕ್ಸ್ ಎಸ್‌ಎಲ್-1200. ಕಾರ್ಟ್ರಿಜ್ (ಮುಳ್ಳು ಕೂತಿರುವ ಪುಟ್ಟ ಭಾಗ) ಆಡಿಯೋ-ಟೆಕ್ನಿಕಾ ವಿಎಂ540ಎಂಎಲ್, ಮುಳ್ಳಿನ ಭಾರ 2 ಗ್ರಾಂ. ಹೊಸದಿರಲಿ ಹಳೇದಿರಲಿ, ಎಲ್ಲ ಪ್ಲೇಟುಗಳನ್ನೂ ತೊಳೆದು ಒಣಗಿಸಿಯೇ ಹಾಕಿದ್ದು. ಇನ್ನೊಂದು ಮುಖ್ಯ ವಿಷಯ ವಾಲ್ಯೂಮ್. ಎರಡು ಪ್ರತಿಗಳಲ್ಲಿ ಯಾವುದು ಸ್ವಲ್ಪ ಜೋರಾಗಿ ಕೇಳುತ್ತದೋ ಅದೇ ಚೆನ್ನಾಗಿದೆ ಅಂತ ಕಿವಿ ಹೇಳಿಬಿಡುತ್ತದೆ. ಅದಕ್ಕೆ ಫೋನಿನಲ್ಲಿ ಡೆಸಿಬೆಲ್ ಆ್ಯಪ್ ಹಾಕಿ, ಒಂದೇ ಹಾಡಿನ ಒಂದೇ ಜಾಗಕ್ಕೆ ಅಳತೆ ನೋಡಿ, ಆ್ಯಂಪ್ಲಿಫೈಯರ್ ಗುಂಡಿಯ ಪಕ್ಕ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಂಡೆ. ಪ್ಲೇಟು ಬದಲಿಸುವ ಕೆಲಸ ತಂಗಿಯದು, ನಾನು ಬೆನ್ನು ತಿರುಗಿಸಿ ಕೂತೆ. ಇದು ಪೂರಾ ಕುರುಡು ಪರೀಕ್ಷೆ ಅಲ್ಲ ಬಿಡಿ. ಹಳೇ ಪ್ಲೇಟು ಮುಳ್ಳು ಇಳಿಸಿದ ತಕ್ಷಣ ಚಟಪಟ ಅಂತ ತನ್ನ ಹೆಸರು ತಾನೇ ಹೇಳಿಬಿಡುತ್ತದೆ.

ಮೊದಲ ಸರದಿ ಬೀಟಲ್ಸ್‌ನ ‘ಅಬ್ಬಿ ರೋಡ್’, 1969ರ ಸೆಪ್ಟೆಂಬರಿನದು. ಇದರ ನಾಲ್ಕು ಪ್ರತಿ ಕೈಗೆ ಸಿಕ್ಕವು. ಒಂದು ಇಂಗ್ಲೆಂಡಿನಲ್ಲಿ ಒತ್ತಿದ ಹಳೇ ಪ್ರತಿ. ಇನ್ನೊಂದು ಕೋಲ್ಕತ್ತಾದ ಡಮ್ ಡಮ್ ಕಾರ್ಖಾನೆಯಲ್ಲಿ ಗ್ರಾಮೊಫೋನ್ ಕಂಪನಿ ಆಫ್ ಇಂಡಿಯಾ ಒತ್ತಿದ್ದು. ಮೂರನೆಯದು 2012ರ ರೀಮಾಸ್ಟರ್. ನಾಲ್ಕನೆಯದು 2019ರಲ್ಲಿ ಆಲ್ಬಂಗೆ ಐವತ್ತು ತುಂಬಿದಾಗ ಬಂದದ್ದು.

ಹಳೇ ಪ್ರತಿಯ ಜಾತಕ ನೋಡಬೇಕಾದ್ದು ಕವರಿನಲ್ಲಿ ಅಲ್ಲ. ಲೇಬಲ್‌ಗೂ ಕೊನೆಯ ಹಾಡಿಗೂ ನಡುವೆ ಖಾಲಿ ಕಪ್ಪು ಜಾಗ ಇರುತ್ತದಲ್ಲ, ಅಲ್ಲಿ. ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದರೆ ಸಣ್ಣ ಅಕ್ಷರ ಕಾಣುತ್ತವೆ. ಇಂಗ್ಲೆಂಡಿನ ಮೊದಲ ಒತ್ತಿನಲ್ಲಿ ಒಂದನೇ ಬದಿಗೆ ವೈಇಎಕ್ಸ್ 749-2, ಎರಡನೇ ಬದಿಗೆ ವೈಇಎಕ್ಸ್ 750-1 ಅಂತ ಇರಬೇಕು. ಅದೇ ಸುತ್ತಿನಲ್ಲಿ ಪ್ಲೇಟು ತಿರುಗಿಸುತ್ತಾ ಹೋದರೆ ಒಂದೆರಡು ಒಂಟಿ ಅಕ್ಷರ ಸಿಗುತ್ತವೆ. ಈ ಪ್ಲೇಟು ಒತ್ತಿದ ಇಎಂಐ ಕಂಪನಿಯವರು ‘ಗ್ರಾಮೊಫೋನ್ ಲಿಮಿಟೆಡ್’ ಅನ್ನುವುದರ ಹತ್ತು ಇಂಗ್ಲಿಷ್ ಅಕ್ಷರಗಳನ್ನು ಅಂಕಿಗಳ ಬದಲಿಗೆ ಬಳಸುತ್ತಿದ್ದರು. ಜಿ ಅಂದರೆ 1, ಆರ್ ಅಂದರೆ 2, ಎ ಅಂದರೆ 3, ಹೀಗೆ ಕೊನೆಯ ಡಿ ಅಂದರೆ 0. ಆ ಪ್ಲೇಟು ಎಷ್ಟನೇ ಅಚ್ಚಿನಿಂದ ಬಂತು ಅಂತ ಅದರಿಂದ ಗೊತ್ತಾಗುತ್ತದೆ. ಅಚ್ಚು ಒತ್ತಿದಷ್ಟೂ ಸವೆಯುತ್ತದೆ. ಹಾಗಾಗಿ ಸಣ್ಣ ಅಂಕಿ ಇದ್ದರೆ ಒಳ್ಳೇದು. ‘ಒರಿಜಿನಲ್’ ಅಂತ ದುಡ್ಡು ಕೇಳುವವರು ಈ ಜಾಗ ತೋರಿಸಲೇಬೇಕು.

ಇನ್ನು ಕೇಳಿದ್ದು. ಮೊದಲ ಹಾಡು ‘ಕಮ್ ಟುಗೆದರ್’ನ ಬೇಸ್ ಗಿಟಾರ್ ಇಂಗ್ಲೆಂಡಿನ ಪ್ರತಿಯಲ್ಲಿ ದುಂಡಗಿದೆ. ತಂತಿ ಮೀಟಿದ್ದು, ಅದು ತುಂಬಿಕೊಂಡದ್ದು, ನಿಂತದ್ದು ಮೂರೂ ಬೇರೆ ಬೇರೆ ತಿಳಿಯುತ್ತದೆ. 2012ರ ಪ್ರತಿಯಲ್ಲಿ ಅದೇ ಬೇಸ್ ಇದೆ, ಹಿನ್ನೆಲೆಯ ಗಲಾಟೆ ಕಡಿಮೆ, ತಪ್ಪು ಹುಡುಕೋಕೆ ಏನೂ ಇಲ್ಲ. ಆದರೆ ಹಾಡು ಸ್ವಲ್ಪ ಚಪ್ಪಟೆ ಅನಿಸಿತು. ಇದರ ಗೆರೆಗಳನ್ನು ಮೂಲ ಟೇಪಿನಿಂದ ನೇರವಾಗಿ ಅಲ್ಲ, 24 ಬಿಟ್ ಡಿಜಿಟಲ್ ಫೈಲಿನಿಂದ ಕೊರೆದದ್ದು. ಅದಕ್ಕೇ ಹೀಗೆ ಅಂತ ಟೇಪ್ ಭಕ್ತರು ಎಗರಿ ಬೀಳುತ್ತಾರೆ. ಸ್ವಲ್ಪ ತಡೆಯಿರಿ, 2019ರದ್ದು ಬರಲಿ.

2019ರದ್ದು ರೀಮಾಸ್ಟರ್ ಅಲ್ಲ, ರೀಮಿಕ್ಸ್. ರೀಮಾಸ್ಟರ್ ಅಂದರೆ ಮುಗಿದುಹೋದ ಎರಡು ಚಾನೆಲ್ಲಿನ ಟೇಪನ್ನು ತಗೊಂಡು ಒಪ್ಪ ಮಾಡುವುದು. ರೀಮಿಕ್ಸ್ ಅಂದರೆ ಡ್ರಮ್ಸ್, ಬೇಸ್, ಕಂಠ ಎಲ್ಲ ಬಿಡಿಬಿಡಿಯಾಗಿರುವ ಎಂಟು ಟ್ರ್ಯಾಕಿನ ಟೇಪಿಗೇ ವಾಪಸ್ ಹೋಗಿ ಮೊದಲಿನಿಂದ ಕೂಡಿಸುವುದು. ಜೈಲ್ಸ್ ಮಾರ್ಟಿನ್ ಮತ್ತು ಸ್ಯಾಮ್ ಒಕೆಲ್ ಇದನ್ನು ಮಾಡಿದರು. ಎಲ್‌ಪಿಗೆ ಕೊರೆದದ್ದು ಮೈಲ್ಸ್ ಶೋವೆಲ್, ಹಾಡನ್ನೂ ಕೊರೆಯುವ ಯಂತ್ರವನ್ನೂ ಅರ್ಧ ವೇಗದಲ್ಲಿ ಓಡಿಸಿ. ಇದೂ ಡಿಜಿಟಲ್ ದಾರಿಯಲ್ಲೇ ಬಂದದ್ದು. ಆದರೂ ಚಪ್ಪಟೆ ಇಲ್ಲ! ಡ್ರಮ್ಸ್ ಎದ್ದು ಮುಂದೆ ಬಂದಿದೆ, ಕಂಠ ಹತ್ತಿರ ಬಂದಿದೆ. ನಾಲ್ಕರಲ್ಲಿ ಇದೇ ಇಷ್ಟ ಅಂದಳು ತಂಗಿ, ಯಾವುದು ಯಾವುದೆಂದು ಗೊತ್ತಿದ್ದೂ. ನನಗೆ ಮಾತ್ರ ‘ಸಂಥಿಂಗ್’ ಹಾಡಿನಲ್ಲಿ ಯಾರೋ ಮನೆಯ ಸಾಮಾನು ಜರುಗಿಸಿಟ್ಟ ಹಾಗಾಯಿತು. ಎಲ್ಲವೂ ಇದೆ, ಇದ್ದ ಜಾಗದಲ್ಲಿಲ್ಲ.

ಈ ಆಲ್ಬಂ ಪರೀಕ್ಷೆ ಮಾಡುವುದಕ್ಕೆ ಒಂದು ಜಾಗವಿದೆ. ಒಂದನೇ ಬದಿಯ ಕೊನೆಯ ಹಾಡು ‘ಐ ವಾಂಟ್ ಯು’, ಏಳು ನಿಮಿಷ ದಾಟುತ್ತದೆ. ಎಲ್‌ಪಿಯ ಒಳಸುತ್ತು ಮೊದಲೇ ಇಕ್ಕಟ್ಟು. ಪ್ಲೇಟು ಒಂದೇ ವೇಗದಲ್ಲಿ ತಿರುಗಿದರೂ, ಹೊರಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಮುಳ್ಳಿನ ಕೆಳಗೆ ಹಾದರೆ, ಒಳಗೆ ಬರುವ ಹೊತ್ತಿಗೆ ಅದರ ಅರ್ಧವೂ ಉಳಿದಿರುವುದಿಲ್ಲ. ಅದೇ ಸಂಗೀತವನ್ನು ಅಷ್ಟು ಕಡಿಮೆ ಜಾಗದಲ್ಲಿ ತುರುಕಬೇಕು. ಅಂಥ ಜಾಗದಲ್ಲೇ ಇವರು ಆಲ್ಬಂನ ಅತಿ ಭಾರದ ಗಿಟಾರ್ ಇಟ್ಟಿದ್ದಾರೆ. ಅದರ ಮೇಲೆ ಮೂಗ್ ಸಿಂಥಸೈಜರ್ ಅನ್ನುವ ಎಲೆಕ್ಟ್ರಾನಿಕ್ ವಾದ್ಯದ ‘ಶ್…’ ಅನ್ನುವ ಸದ್ದು ಏರುತ್ತಾ ಹೋಗಿ, ಕತ್ತರಿ ಹಾಕಿದ ಹಾಗೆ ಫಕ್ಕನೆ ನಿಲ್ಲುತ್ತದೆ. ಆಮೇಲೆ ಮೌನ.

ಡಮ್ ಡಮ್ ಪ್ರತಿ ಇಲ್ಲಿ ಸೋತಿತು. ಅದರ ಕಪ್ಪು ಜಾಗದಲ್ಲೂ ವೈಇಎಕ್ಸ್ ಅಂತಲೇ ಇದೆ. ಅಂದರೆ ಬೀಜ ಅದೇ. ಮೊದಲೆರಡು ಹಾಡುಗಳಲ್ಲಿ ಇಂಗ್ಲೆಂಡಿನದಕ್ಕೆ ಸಾಟಿಯಾಗಿಯೇ ಇತ್ತು. ಆದರೆ ಹಿಂದಿನ ಮಾಲೀಕರ ರೇಡಿಯೋಗ್ರಾಂನ (ರೇಡಿಯೋ, ಪ್ಲೇಯರ್ ಎರಡೂ ಇರುವ ಹಳೇ ಪೆಟ್ಟಿಗೆ) ಭಾರದ ಮುಳ್ಳು ಒಳಸುತ್ತನ್ನು ಉತ್ತುಬಿಟ್ಟಿತ್ತು. ಗಿಟಾರ್ ಜೋರಾದಾಗೆಲ್ಲ ಪರಪರ. ಆ ‘ಶ್’ ಎಲ್ಲಿ ಶುರುವಾಯಿತು, ಪ್ಲೇಟಿನ ಸ್ವಂತ ಗೊರಗೊರ ಎಲ್ಲಿ ಮುಗಿಯಿತು ಅಂತಲೇ ತಿಳಿಯಲಿಲ್ಲ. ಹಾಡು ನಿಂತ ಮೇಲೂ ‘ಶ್’ ನಡೆದೇ ಇತ್ತು! ಇಂಗ್ಲೆಂಡಿನದು ಈ ಜಾಗವನ್ನು ಚೂರು ಕಷ್ಟಪಟ್ಟು ದಾಟಿತು. ಹೊಸ ಎರಡೂ ಸಲೀಸಾಗಿ ದಾಟಿದವು. ಆ ಕತ್ತರಿ ಏಟಿನ ಮಜಾ ಬೇಕಾದರೆ ಹೊಸದೇ ಸರಿ.

ಎರಡನೇ ಬದಿಗೆ ಬಂದರೆ ಲೆಕ್ಕ ತಿರುಗಿತು. ‘ಬಿಕಾಸ್’ ಹಾಡಿನಲ್ಲಿ ಮೂವರು ಮೂರು ಸಲ ಹಾಡಿ ಒಂಬತ್ತು ಕಂಠ ಕೂಡಿಸಿದ್ದಾರೆ. ಇಂಗ್ಲೆಂಡಿನ ಪ್ರತಿಯಲ್ಲಿ ಆ ಒಂಬತ್ತೂ ಬೆರೆತೂ ಬೇರೆಯಾಗಿಯೂ ಇವೆ. ನಡುವೆ ಎರಡು ಕಡೆ ಟಕ್ ಅಂದರೂ ನನಗೆ ಅದೇ ಬೇಕು. ಅಂದ ಹಾಗೆ, ಕೊನೆಗೆ ಬರುವ ಚಿಟಿಕೆ ಹಾಡು ‘ಹರ್ ಮೆಜೆಸ್ಟಿ’ ಮೊದಲ ಪ್ರತಿಗಳ ಕವರಿನಲ್ಲಿ ನಮೂದೇ ಆಗಿರಲಿಲ್ಲ. ಹಾಗಾಗಿ ಕವರಿನಲ್ಲಿ ಆ ಹೆಸರು ಇಲ್ಲದಿದ್ದರೆ ಬೆಲೆ ಜಾಸ್ತಿ. ಸಂಗೀತಕ್ಕೆ ಅದರಿಂದ ಏನೂ ವ್ಯತ್ಯಾಸವಿಲ್ಲ.

ಎರಡನೇ ಆಲ್ಬಂ ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’, 1959. ಇಲ್ಲಿ ರುಚಿಯ ಪ್ರಶ್ನೆಯೇ ಇಲ್ಲ, ಶ್ರುತಿಯ ಪ್ರಶ್ನೆ. ಆ ವರ್ಷ ಮಾರ್ಚ್ 2ರಂದು ನ್ಯೂಯಾರ್ಕಿನ ಕೊಲಂಬಿಯಾ ಸ್ಟುಡಿಯೋದಲ್ಲಿ ಮುಖ್ಯ ಟೇಪ್ ಮಷೀನು ಕೊಂಚ ನಿಧಾನವಾಗಿ ಓಡುತ್ತಿತ್ತು. ಅದರಲ್ಲಿ ಮುದ್ರಿಸಿದ ಟೇಪನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಸಂಗೀತ ಓಡುತ್ತದೆ, ಶ್ರುತಿ ಏರುತ್ತದೆ. ಅವತ್ತು ಧ್ವನಿಮುದ್ರಣವಾದ ಮೂರೂ ಹಾಡು ಒಂದನೇ ಬದಿಯಲ್ಲಿವೆ. ಎರಡನೇ ಬದಿ ಏಪ್ರಿಲ್ 22ರಂದು ಆದದ್ದು, ಅದರಲ್ಲಿ ದೋಷವಿಲ್ಲ. ಮಾರ್ಚ್‌ನಲ್ಲಿ ಜೊತೆಗೆ ಓಡುತ್ತಿದ್ದ ಇನ್ನೊಂದು ಮಷೀನಿನ ಟೇಪು ಸರಿಯಾಗಿತ್ತು. ಅದನ್ನು ಹಿಡಿದು ತಿದ್ದಿದ್ದು 1992ರಲ್ಲಿ. ಅಂದರೆ ಅದಕ್ಕೂ ಮುಂಚಿನ ಎಲ್‌ಪಿ, ಎಷ್ಟೇ ‘ಒರಿಜಿನಲ್’ ಆಗಿದ್ದರೂ, ಎಷ್ಟೇ ದುಡ್ಡು ಕೊಟ್ಟಿದ್ದರೂ, ಒಂದನೇ ಬದಿಯಲ್ಲಿ ಅಪಶ್ರುತಿಯೇ.

ಮನೆಯಲ್ಲಿ ಎಲೆಕ್ಟ್ರಾನಿಕ್ ತಂಬೂರ ಇತ್ತು, ಇನ್ನೇನು ಬೇಕು. ‘ಸೋ ವಾಟ್’ ಹಾಡಿನ ಸ್ವರಗಳು ಡಿ ಡೋರಿಯನ್, ಅಂದರೆ ನಮ್ಮ ಲೆಕ್ಕದಲ್ಲಿ ಎರಡು ಮನೆ ಶ್ರುತಿಯ ಖರಹರಪ್ರಿಯದ ಸ್ವರಗಳು. ತಂಬೂರವನ್ನು ಎರಡು ಮನೆಗೆ ಇಟ್ಟು ಹಳೇ ಅಮೆರಿಕನ್ ಪ್ರತಿ ಹಾಕಿದೆ. ಪಾಲ್ ಚೇಂಬರ್ಸ್‌ನ ಬೇಸ್ ಷಡ್ಜಕ್ಕೆ ಬಂದು ಕೂತಾಗ ತಂಬೂರದ ಜೊತೆ ‘ವ್ಯಾಂವ್ಯಾಂ’ ಅಂತ ಅಲೆ ಏಳುತ್ತದೆ. ಕೂದಲೆಳೆಯ ವ್ಯತ್ಯಾಸ, ಆದರೆ ಒಮ್ಮೆ ಕೇಳಿಸಿದ ಮೇಲೆ ಬಿಡುವುದಿಲ್ಲ. ತಿದ್ದಿದ ಹೊಸ ಪ್ರತಿಯಲ್ಲಿ ಬೇಸ್ ತಂಬೂರದೊಳಗೆ ಇಳಿದು ಕೂತಿತು. ಬರೀ ಶ್ರುತಿಯಲ್ಲ, ನಡೆಯೂ ನಿರಾಳವಾಯಿತು. ಹಳೇದರಲ್ಲಿ ಇಲ್ಲದ ಅವಸರ ಇತ್ತು ಅಂತ ಆಗ ಹೊಳೆಯಿತು.

ಪ್ಲೇಯರಿನ ವೇಗವೇ ತಪ್ಪಿದ್ದರೆ? ಅದಕ್ಕೇ ಎರಡನೇ ಬದಿ ತಿರುವಿ, ತಂಬೂರವನ್ನು ಐದು ಮನೆಗೆ ಏರಿಸಿ ‘ಆಲ್ ಬ್ಲೂಸ್’ ಹಾಕಿದೆ. ಹಳೇದೂ ಸರಿಯಾಗಿ ಕೂತಿತು. ಅಷ್ಟೇ ಅಲ್ಲ, ಈ ಬದಿಯಲ್ಲಿ ಅದೇ ತಂಡದ ಜಾನ್ ಕೋಲ್ಟ್ರೇನ್‌ನ ಸ್ಯಾಕ್ಸೊಫೋನಿಗೆ ಹಳೇ ಪ್ರತಿಯಲ್ಲೇ ಜಾಸ್ತಿ ಉಸಿರಿದೆ ಅನಿಸಿತು. ಹಾಗಾಗಿ ನನ್ನ ಮನೆಯಲ್ಲಿ ಈಗ ಒಂದನೇ ಬದಿಗೆ ಹೊಸದು, ಎರಡನೇ ಬದಿಗೆ ಹಳೇದು. ಹಳೇದು ಮಾತ್ರ ಇರುವವರಿಗೆ ಒಂದು ಉಪಾಯ: ಪ್ಲೇಯರಿನಲ್ಲಿ ಪಿಚ್ ಸ್ಲೈಡರ್ (ವೇಗ ಹೆಚ್ಚುಕಮ್ಮಿ ಮಾಡುವ ಗುಂಡಿ) ಇದ್ದರೆ ವೇಗವನ್ನು ಒಂದು ಪರ್ಸೆಂಟ್‌ಗಿಂತ ಚೂರು ಜಾಸ್ತಿ ಇಳಿಸಿ. 1992ರ ಕೆಲಸ ಮನೆಯಲ್ಲೇ ಆಗುತ್ತದೆ.

ಪಿಂಕ್ ಫ್ಲಾಯ್ಡ್‌ನ ‘ಡಾರ್ಕ್ ಸೈಡ್ ಆಫ್ ದ ಮೂನ್’ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1973ರ ಇಂಗ್ಲೆಂಡಿನ ಮೊದಲ ಪ್ರತಿಯ ಲೇಬಲ್ಲಿನಲ್ಲಿ ಪೂರ್ತಿ ನೀಲಿ ತ್ರಿಕೋನ ಇರುತ್ತದೆ. ಆ ನೀಲಿ ಬಣ್ಣಕ್ಕೇ ಬೆಲೆ. ಗೆಳೆಯರೊಬ್ಬರ ಹತ್ತಿರ ಇದ್ದದ್ದು ಅದಾದ ಮೇಲಿನ ಒತ್ತು. ಆಲ್ಬಂ ಶುರುವಾಗುವುದೇ ಮೌನದಿಂದ ಮೆಲ್ಲಗೆ ಏಳುವ ಎದೆಬಡಿತದಿಂದ. ಹಳೇದರಲ್ಲಿ ಎದೆಬಡಿತಕ್ಕಿಂತ ಮುಂಚೆ ಚಟಪಟ. 2016ರ ರೀಮಾಸ್ಟರಿನಲ್ಲಿ ಕಪ್ಪು ಮೌನ, ಆಮೇಲೆ ಬಡಿತ. ಇದಕ್ಕೆ ಹೊಸದೇ, ಯೋಚಿಸಬೇಕಾದ್ದಿಲ್ಲ.

ಹಾಗಂತ ಹೊಸದು ಅಂದರೆ ಸುಮ್ನೆ ಕಣ್ಣು ಮುಚ್ಚಿ ತಗೋಬೇಡಿ. ನಾನು ಕೊಂಡ ಒಂದು ಹೊಸ ಪ್ಲೇಟಿನ ನಡುವಿನ ತೂತು ನಡುವಿನಲ್ಲೇ ಇರಲಿಲ್ಲ. ಮುಳ್ಳು ಹಿಡಿದ ಟೋನ್‌ಆರ್ಮ್ ಉಯ್ಯಾಲೆ ಆಡುತ್ತಿತ್ತು, ಪಿಯಾನೋ ಸ್ವರ ಅಳುತ್ತಿತ್ತು. 180 ಗ್ರಾಂ ಅನ್ನುವುದೂ ಅಷ್ಟೇ. ಪ್ಲೇಟು ಗಟ್ಟಿಯಾಗಿರಬಹುದು, ಗೆರೆಯೊಳಗಿನ ಸಂಗೀತ ಅದರಿಂದ ಉತ್ತಮವಾಗುವುದಿಲ್ಲ. ಟೇಪಿನಿಂದ ನೇರ ಕೊರೆದದ್ದು ಅನ್ನುವ ನಂಬಿಕೆಯ ಕಥೆಯೂ ಇದೆ. 2022ರಲ್ಲಿ ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ದುಬಾರಿ ಮರುಮುದ್ರಣಗಳಲ್ಲಿ ಅನೇಕವು ವರ್ಷಗಳಿಂದ ಡಿಜಿಟಲ್ ಹಂತ ದಾಟಿಯೇ ಬರುತ್ತಿದ್ದವು ಅಂತ ಬಯಲಾಯಿತು. ಶುದ್ಧ ಅನಲಾಗ್ (ಎಲ್ಲೂ ಡಿಜಿಟಲ್ ಹಂತ ಇಲ್ಲದ್ದು) ಅಂದರೆ ಇದು ಅಂತ ಅದೇ ಪ್ಲೇಟುಗಳನ್ನು ಹೊಗಳಿದ್ದ ಕಿವಿಗಳು ಅಷ್ಟು ದಿನ ಏನು ಮಾಡುತ್ತಿದ್ದವು, ಅಲ್ವಾ?

ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ನಾನು ಹೊಳಪು ನೋಡುವುದನ್ನು ಬಿಟ್ಟಿದ್ದೇನೆ. ಗೆರೆ ಸವೆದ ಪ್ಲೇಟೂ ಒರೆಸಿಟ್ಟರೆ ಫಳಫಳ ಹೊಳೆಯುತ್ತದೆ. ಲೇಬಲ್ಲಿನ ತೂತಿನ ಸುತ್ತ ನೋಡಿ. ಪ್ಲೇಯರಿನ ಕಡ್ಡಿ ತಾಗಿ ಬಿದ್ದ ಸಣ್ಣ ಗೀರುಗಳು ಅಲ್ಲಿ ದಟ್ಟವಾಗಿದ್ದರೆ ಆ ಪ್ಲೇಟು ತುಂಬಾ ಓಡಿದೆ ಅಂತ ಅರ್ಥ. ಕರಾವಳಿ, ಮಲೆನಾಡಿನಿಂದ ಬಂದದ್ದಾದರೆ ಬೂಷ್ಟಿನ ಬಿಳಿ ಚುಕ್ಕೆ ಇದೆಯಾ ನೋಡಿ. ಮೇಲಿನ ಬೂಷ್ಟು ತೊಳೆದರೆ ಹೋಗುತ್ತದೆ, ಗೆರೆಯೊಳಗೆ ಇಳಿದದ್ದು ಹೋಗುವುದಿಲ್ಲ. ಅಂಗಡಿಯಲ್ಲಿ ಹಾಕಿ ಕೇಳಿಸುತ್ತೇನೆ ಅಂದರೆ ಮೊದಲ ಹಾಡು ಬೇಡ, ಪ್ರತಿ ಬದಿಯ ಕೊನೆಯ ಎರಡು ನಿಮಿಷ ಕೇಳಿಸಿ ಅನ್ನಿ.