1793ರ ಪುಸ್ತಕವೆಂದು ನನ್ನ ತಲೆಗೆ ಕಟ್ಟಿದ್ದು ಸ್ಕ್ಯಾನ್ ಪ್ರತಿ: ಹಳೆಯ ಯುದ್ಧಪುಸ್ತಕ ಕೊಳ್ಳುವವರು ಎಚ್ಚರ

ಟಿಪ್ಪುವಿನ ವಿರುದ್ಧ ನಡೆದ ಮೂರನೇ ಮೈಸೂರು ಯುದ್ಧದ ಬಗ್ಗೆ ಬ್ರಿಟಿಷ್ ಸೇನೆಯ ಮೇಜರ್ ಡಿರೋಮ್ ಬರೆದ ಪುಸ್ತಕ. ಲಂಡನ್, 1793. ಈ ಹುಚ್ಚಿರುವವರಿಗೆ ಅದರ ಮಹತ್ವ ನಾನು ಹೇಳಬೇಕಾಗಿಲ್ಲ. ಮೊದಲ ಮುದ್ರಣ ಎಂದು ನಂಬಿಸಿ ಒಬ್ಬ ವ್ಯಾಪಾರಿ ನನ್ನಿಂದ ಅರವತ್ತು ಸಾವಿರ ರೂಪಾಯಿ ಮುಂಗಡವಾಗಿಯೇ ಕಿತ್ತುಕೊಂಡ. ಕಳಿಸಿದ್ದು ಸ್ಕ್ಯಾನ್ ಪ್ರತಿಯ ಪ್ರಿಂಟು, ಮೇಲೊಂದು ಚರ್ಮದ ಹೊದಿಕೆ.

ಆಸಾಮಿ ದಡ್ಡನಲ್ಲ. ಬೆನ್ನಿನ ಚಿನ್ನದ ಅಕ್ಷರ, ಶೀರ್ಷಿಕೆ ಪುಟದ 1793, ಯಾವುದೋ ಗ್ರಂಥಾಲಯದ ಮೊಹರು, ಇಷ್ಟರದೇ ಫೋಟೋ ಕಳಿಸಿದ್ದ. ಪುಸ್ತಕದೊಳಗೆ ಮಡಚಿಟ್ಟ ಯುದ್ಧದ ನಕ್ಷೆ ಬಿಡಿಸಿ ತೋರಿಸಿ ಎಂದರೆ, "ಬಿಡಿಸಿದರೆ ಹರಿಯುತ್ತದೆ ಸರ್, ಇನ್ನೂರು ವರ್ಷದ ಕಾಗದ" ಎಂದ. ಏನು ಕಾಳಜಿ!

ಪಾರ್ಸೆಲ್ ಬಿಚ್ಚುವಾಗ ಇಬ್ಬರು ಗೆಳೆಯರು ಎದುರಿಗಿದ್ದರು, ನಾನೇ ಕರೆಸಿದ್ದೆ. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸನ ಸೇನೆ ಮೂರು ದಂಡಾಗಿ ಶ್ರೀರಂಗಪಟ್ಟಣದತ್ತ ನುಗ್ಗಿದ್ದನ್ನು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸುವ ಉತ್ಸಾಹ. ಮಡಿಕೆ ಬಿಡಿಸಲು ಉಗುರು ತೂರಿಸಿದೆ. ಮಡಿಕೆಯೇ ಇಲ್ಲ! ಸ್ಕ್ಯಾನ್ ಮಾಡಿದ ಪುಣ್ಯಾತ್ಮ ನಕ್ಷೆಯನ್ನು ಮಡಚಿದಂತೆಯೇ ಯಂತ್ರಕ್ಕೆ ಒತ್ತಿದ್ದಾನೆ, ಮಡಿಕೆಯ ನೆರಳೂ ಅಚ್ಚಾಗಿದೆ. ಕಾವೇರಿ ಪುಟದ ಅಂಚಿಗೆ ಬಂದು ನಿಂತುಬಿಟ್ಟಿದೆ, ಕೋಟೆ ಕಾಣೆ. ಮೊಹರಿನ ಮೇಲೆ ಬೆರಳಾಡಿಸಿದೆ. ಅದೂ ಅಚ್ಚು, ಅಕ್ಷರಗಳಷ್ಟೇ ಬೂದು. ಗೆಳೆಯನೊಬ್ಬ ಸುಮ್ಮನೆ ಕೆಮ್ಮಿದ. ಬೈದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಫೋನ್ ಮಾಡಿದೆ. "1793 ಎಂದು ಒಳಗೇ ಇದೆಯಲ್ಲ ಸರ್." ಇದು ಮೊದಲ ಉತ್ತರ. ನಕ್ಷೆ ಎಲ್ಲಿ ಎಂದೆ. "ನೀವು ಓದಲು ತಾನೇ ತೆಗೆದುಕೊಂಡದ್ದು? ಅಕ್ಷರ ಎಲ್ಲಾ ಸರಿಯಾಗಿದೆ." ಓದಲು! ಓದುವುದಕ್ಕೆ ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತದೆ ಮಾರಾಯ. ಹಣ ವಾಪಸ್ ಕೇಳಿದ್ದಕ್ಕೆ, "ಚರ್ಮದ ಬೈಂಡಿಂಗ್ ಖರ್ಚು ಯಾರು ಕೊಡುತ್ತಾರೆ?" ಎಂದ. ಆಮೇಲೆ ನನ್ನ ನಂಬರನ್ನೇ ಬ್ಲಾಕ್ ಮಾಡಿದ.

ಮರುಮುದ್ರಣದ ಮೇಲೆ ನನಗೆ ತಕರಾರಿಲ್ಲ, ನನ್ನ ಕಪಾಟಿನಲ್ಲೇ ಹಲವಿವೆ. ಅವು ಮರುಮುದ್ರಣವೆಂದೇ ಹೇಳಿಕೊಂಡು, ಮರುಮುದ್ರಣದ ಬೆಲೆಗೇ ಬಂದವು. ಇದು ಹಗಲುದರೋಡೆ.

ಆ ಕಾಲದ ಮೊಳೆ ಅಚ್ಚು, ಅಂದರೆ ಲೋಹದ ಅಕ್ಷರಗಳನ್ನು ಜೋಡಿಸಿ ಒತ್ತುತ್ತಿದ್ದ ಮುದ್ರಣ, ಕಾಗದವನ್ನು ಒತ್ತಿರುತ್ತದೆ, ಪುಟದ ಹಿಂಬದಿ ಸವರಿದರೆ ಬೆರಳಿಗೇ ತಿಳಿಯುತ್ತದೆ. ತಾಮ್ರಫಲಕದಲ್ಲಿ ಕೊರೆದು ಅಚ್ಚೊತ್ತಿದ ಚಿತ್ರವಾದರೆ ಸುತ್ತ ಫಲಕದ ಅಂಚು ತಗ್ಗಾಗಿ ಮೂಡಿರುತ್ತದೆ, ಪುಟದ ಅಂಚು ಕತ್ತರಿಸಿರದಿದ್ದರೆ. ವಿಡಿಯೋ ಕರೆಯಲ್ಲಿ ನಕ್ಷೆ ಪೂರ್ತಿ ಬಿಡಿಸಿ ತೋರಿಸದ ಹೊರತು ಬಿಡಿಗಾಸೂ ಬಿಚ್ಚಬೇಡಿ. ಹರಿಯುತ್ತದೆ ಎಂದರೆ ಹರಿಯಲಿ ಎನ್ನಿ.

ಮೊನ್ನೆ ಅದೇ ಮೊಹರು, ಅದೇ ಫೋಟೋ ಮತ್ತೆ ಮಾರಾಟಕ್ಕೆ ಬಂದಿದೆ. ಬೆಲೆ ಈಗ ಎಪ್ಪತ್ತೈದು ಸಾವಿರ.