ಡ್ಯಾಶ್‌ಬೋರ್ಡ್ ಬಿಚ್ಚದೆಯೇ ಸರಿಹೋದ ಕಾರಿನ ಹೀಟರ್

ಅಮ್ಮನ ಮೊಣಕಾಲಿಗೆ ಚಳಿ ಆಗಿಬರುವುದಿಲ್ಲ. ಜನವರಿಯಲ್ಲಿ ವಾರಕ್ಕೆ ಮೂರು ದಿನ ಬೆಳಗ್ಗೆ ಆರೂವರೆಗೆ ಅವರನ್ನು ಯಲಹಂಕದಿಂದ ಫಿಸಿಯೋಥೆರಪಿಗೆ ಕರೆದೊಯ್ಯುತ್ತಿದ್ದೆ. ಹೀಟರ್ ಗುಂಡಿಯನ್ನು ಕೆಂಪು ಗೆರೆಯ ತುದಿಯವರೆಗೆ ತಿರುಗಿಸಿದರೂ ನಮ್ಮ ಹನ್ನೊಂದು ವರ್ಷದ ಕಾರಿನಲ್ಲಿ ತಣ್ಣನೆಯ ಗಾಳಿಯೇ ಬರುತ್ತಿತ್ತು. ಅಮ್ಮ ಶಾಲು ಹೊದ್ದು ಮುದುಡಿ ಕೂರುವುದನ್ನು ನೋಡಲಾಗುತ್ತಿರಲಿಲ್ಲ.

ಮೊದಲು ಹೋದ ದೊಡ್ಡ ಸರ್ವಿಸ್ ಸೆಂಟರಿನವರು ಕಾರನ್ನು ಓಡಿಸಿಯೂ ನೋಡಲಿಲ್ಲ. ಹೀಟರ್ ಕೋರ್ (ಎಂಜಿನ್ನಿನ ಬಿಸಿನೀರಿನಿಂದ ಗಾಳಿಯನ್ನು ಕಾಯಿಸುವ ಭಾಗ) ಹೋಗಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು ಎಂದು 18,500 ರೂಪಾಯಿಯ ಎಸ್ಟಿಮೇಟ್ ಬರೆದುಕೊಟ್ಟರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳ ಹಿಂದಿನ ಓಣಿಯಲ್ಲಿದೆ, ಕೊನೆಗೆ ಹೀಟರ್ ಸರಿಮಾಡಿಕೊಟ್ಟ ಗ್ಯಾರೇಜ್. ಎರಡು ಕಾರು ನಿಂತರೆ ಮೂರನೆಯದಕ್ಕೆ ಜಾಗವಿಲ್ಲ. ಬಾನೆಟ್ ಎತ್ತುವ ಮೊದಲೇ ಮೆಕ್ಯಾನಿಕ್ ಕೇಳಿದರು: "ಟ್ರಾಫಿಕ್‌ನಲ್ಲಿ ನಿಂತಾಗ ಸ್ವಲ್ಪವಾದರೂ ಬಿಸಿ ಬರುತ್ತದೆಯೇ ಮೇಡಂ?" ಹೌದು, ಹೆಬ್ಬಾಳದಲ್ಲಿ ಸಿಕ್ಕಿಕೊಂಡಾಗ ಉಗುರುಬೆಚ್ಚಗೆ ಬರುತ್ತಿತ್ತು, ಬಳ್ಳಾರಿ ರಸ್ತೆಯಲ್ಲಿ ವೇಗ ಹಿಡಿದ ಕೂಡಲೇ ಮತ್ತೆ ತಣ್ಣಗೆ. ಟೆಂಪರೇಚರ್ ಮುಳ್ಳು ಕೂಡ ಮಧ್ಯಕ್ಕೆ ಏರುತ್ತಲೇ ಇರಲಿಲ್ಲ. ಅರ್ಧ ಉತ್ತರ ಅಲ್ಲೇ ಸಿಕ್ಕಿತು ಎಂದರು.

ಹೀಟರಿಗೆ ಹೋಗುವ ಎರಡು ಪೈಪುಗಳನ್ನು ನನ್ನಿಂದಲೂ ಮುಟ್ಟಿಸಿದರು. ಎರಡೂ ಒಂದೇ ಸಮ ಬೆಚ್ಚಗಿದ್ದವು. ಒಂದು ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದಿದ್ದರೆ ಕೋರ್ ಕಟ್ಟಿಕೊಂಡಿದೆ ಎಂದು ಅನುಮಾನಿಸಬಹುದಿತ್ತಂತೆ. ಎಂಜಿನ್ ಆರಲೆಂದು ಒಂದು ಗಂಟೆಗೂ ಹೆಚ್ಚು ಕಾಯಿಸಿ, ಆಮೇಲಷ್ಟೇ ರೇಡಿಯೇಟರ್ ಮುಚ್ಚಳಕ್ಕೆ ಕೈಹಾಕಿದರು. ಬಿಸಿಯಿದ್ದಾಗ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ದಯವಿಟ್ಟು ಯಾರೂ ಆ ಅವಸರ ಮಾಡಬೇಡಿ. ಒಳಗೆ ಕೂಲಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ) ಕಡಿಮೆಯಿತ್ತು, ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಹಿಂದೊಮ್ಮೆ ದಾರಿಯಲ್ಲಿ ಬೋರ್‌ವೆಲ್ ನೀರು ತುಂಬಿಸಿದ್ದು ನೆನಪಾಯಿತು.

ಆಮೇಲೆ ಬಿಚ್ಚಿ ತೆಗೆದ ಥರ್ಮೋಸ್ಟಾಟ್, ಅಂದರೆ ರೇಡಿಯೇಟರಿಗೆ ನೀರು ಬಿಡುವ ಕವಾಟ, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು. ಅಂಚಿನಲ್ಲಿ 82 ಎಂದು ಕೆತ್ತಿತ್ತು. ಅಷ್ಟು ಡಿಗ್ರಿ ಬಿಸಿಯಾದ ಮೇಲೆಯೇ ಅದು ಬಾಯಿ ತೆರೆಯಬೇಕು. ನಮ್ಮದು ತಣ್ಣಗಿದ್ದಾಗಲೂ ಬೆಂಕಿಕಡ್ಡಿ ತೂರುವಷ್ಟು ತೆರೆದೇ ನಿಂತಿತ್ತು. ನೀರೆಲ್ಲ ರೇಡಿಯೇಟರಿಗೆ ಹೋಗಿ ಆರುತ್ತಿದ್ದರೆ ಹೀಟರಿಗೆ ಬಿಸಿ ಎಲ್ಲಿಂದ ಬರಬೇಕು? ಹೊಸದನ್ನು ಕುದಿಯುವ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟರು. ನೋಡುತ್ತಿದ್ದಂತೆ ಸ್ಪ್ರಿಂಗ್ ಕುಗ್ಗಿ ನಿಧಾನವಾಗಿ ತೆರೆದುಕೊಂಡಿತು, ಹೊರಗೆ ತೆಗೆದಿಟ್ಟಾಗ ಮುಚ್ಚಿಕೊಂಡಿತು. ಗಿರಾಕಿಗೆ ಹೀಗೆ ತೋರಿಸಿ ಕೆಲಸ ಮಾಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೊನೆಗೆ ಕೂಲಂಟಿಗೆ ಡಿಸ್ಟಿಲ್ಡ್ ನೀರು ಬೆರೆಸಿ ತುಂಬಿ, ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು, ಗುಳ್ಳೆ ನಿಲ್ಲುವವರೆಗೆ ಎಂಜಿನ್ ಓಡಿಸಿದರು. ಒಳಗೆ ಗಾಳಿ ಉಳಿದರೆ ಹೊಸ ಥರ್ಮೋಸ್ಟಾಟ್ ಇದ್ದರೂ ತಣ್ಣನೆಯ ಗಾಳಿಯೇ ಬರಬಹುದಂತೆ.

ಥರ್ಮೋಸ್ಟಾಟ್ 780, ಕೂಲಂಟ್ ಮತ್ತು ನೀರು 640, ಕೂಲಿ 600. ಒಟ್ಟು 2,020 ರೂಪಾಯಿ. ಹಳೆಯ ಭಾಗವನ್ನು ಕೇಳದೆಯೇ ಕೊಟ್ಟರು.

ಒಂದು ಗಂಟೆಗೆ ಕೊಡುತ್ತೇನೆಂದ ಕಾರು ಕೈಸೇರಿದ್ದು ನಾಲ್ಕಕ್ಕೆ. ಕೂರಲು ಒಂದೇ ಸ್ಟೂಲು. ವಯಸ್ಸಾದವರನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ. ಹತ್ತು ಗಂಟೆಯೊಳಗೆ ತಲುಪಿದರೆ ಕಾರು ನಿಲ್ಲಿಸಲು ಜಾಗ ಸಿಗುತ್ತದೆ.

ಮರುದಿನ ಬೆಳಗ್ಗೆ ಜಕ್ಕೂರು ದಾಟುವಷ್ಟರಲ್ಲಿ ಅಮ್ಮ ಶಾಲು ತೆಗೆದು ಮಡಚಿ ಹಿಂದಿನ ಸೀಟಿಗೆ ಹಾಕಿದರು.